ಕ್ರಮಸಂಖ್ಯೆ 212

ನನ್ನ ಪಟ್ಟಿಯಲ್ಲಿ 212ನೆಯದು ಒಂದು ತೆಳ್ಳಗಿನ ಪುಸ್ತಿಕೆ. 1998ರ ಜೂನ್‌ನಲ್ಲಿ ಅದಕ್ಕಾಗಿ ನಾನೇ ಬರೆದ ಕಾರ್ಡು ಈಗಲೂ ಇದೆ. ‘ಇನ್ ಸರ್ಚ್ ಆಫ್ ದಿ ಅನ್‌ನೋನ್’, ಮಾಡ್ಯೂಲ್ ಬಿ1. ಬರೆದವರು ಮೈಕ್ ಕಾರ್. ಪ್ರಕಾಶನ ಟಿಎಸ್‌ಆರ್, ಲೇಕ್ ಜಿನೀವಾ, ವಿಸ್ಕಾನ್ಸಿನ್. ಒಂದೇ ಬಣ್ಣದ ಬಿಡಿ ಹೊದಿಕೆ, ಅದರ ಒಳಮೈಯಲ್ಲಿ ನೀಲಿ ನಕ್ಷೆ. ಸ್ಥಿತಿ: ಉತ್ತಮ. ಒಳಗೆ ಬರಹವಿಲ್ಲ.

ಆ ಕೊನೆಯ ಎರಡು ಪದ ಸುಳ್ಳು. ಬರಹ ಇತ್ತು. ಅಳಿಸಿದವನು ನಾನೇ.

ಇದು ಎಂಥ ಪುಸ್ತಕ, ಯಾಕೆ ಅಳಿಸಿದೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1987ರಲ್ಲಿ ನಾನು ಮಿಲ್ವಾಕಿಗೆ ಹೋದೆ, ಒಂದು ವಿಮಾ ಕಂಪನಿಯ ಕಂಪ್ಯೂಟರ್ ವಿಭಾಗಕ್ಕೆ. ಹೊನ್ನಾವರದ ಸೆಕೆಯಲ್ಲಿ ಬೆಳೆದವನಿಗೆ ಅಲ್ಲಿನ ಮೊದಲ ಚಳಿಗಾಲ ಹೇಗಿತ್ತು ಎಂದು ಬರೆಯಲು ಕೂತರೆ ಬೇರೆಯದೇ ಲೇಖನವಾದೀತು. ಜನವರಿಯ ಒಂದು ಶನಿವಾರ ಸಂಜೆ, ನಾನು ಒಬ್ಬನೇ ಕೂತು ಮಂಕಾಗುತ್ತೇನೆಂದು ಆಫೀಸಿನ ಗೆಳೆಯನೊಬ್ಬ ತನ್ನ ಮನೆಗೆ ಕರೆದ. ಆ ಊರಿನ ಮನೆಗಳಿಗೆಲ್ಲ ನೆಲದಡಿ ಒಂದು ಬೇಸ್‌ಮೆಂಟ್ ಇರುತ್ತದೆ. ಅಲ್ಲಿ ಐದು ಜನ ಮೇಜಿನ ಸುತ್ತ ಕೂತಿದ್ದರು. ಮೇಜಿನ ತಲೆಗೆ ಕೂತವನ ಮುಂದೆ ಒಂದು ರಟ್ಟಿನ ಮರೆ, ಉಳಿದವರ ಮುಂದೆ ಒಂದೊಂದು ಹಾಳೆ, ಪೆನ್ಸಿಲ್, ವಿಚಿತ್ರ ಆಕಾರದ ದಾಳಗಳು. ಪಗಡೆಯ ಹಾಸಿಲ್ಲ, ಕಾಯಿಲ್ಲ, ಮನೆಗಳಿಲ್ಲ. ಬರೀ ಮಾತು.

ಮರೆಯ ಹಿಂದಿನವನು ಹೇಳುತ್ತಿದ್ದ: ಬಾಗಿಲು ತೆರೆಯಿತು, ಒಳಗೆ ಕತ್ತಲು, ಏನೋ ಉಸಿರಾಡುವ ಸದ್ದು. ಏನು ಮಾಡುತ್ತೀರಿ? ಉಳಿದವರು ತಂತಮ್ಮ ಪಾತ್ರವಾಗಿ ಉತ್ತರ ಕೊಡುತ್ತಿದ್ದರು. ನಮ್ಮ ವಿಭಾಗದ ಅತಿ ಮೌನಿ ಮನುಷ್ಯ, ಆಫೀಸಿನಲ್ಲಿ ‘ಗುಡ್ ಮಾರ್ನಿಂಗ್’ ಹೇಳಲೂ ನಾಚುವವನು, ಅಲ್ಲಿ ಎದ್ದು ನಿಂತು ಒಬ್ಬ ಕಾವಲುಗಾರನ ಜೊತೆ ಜಗಳಕ್ಕೆ ಬಿದ್ದಿದ್ದ.

ನನಗೆ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಇದು ತಾಳಮದ್ದಳೆ.

ನಮ್ಮ ಅಪ್ಪಯ್ಯ ಅರ್ಥಧಾರಿ. ವೃತ್ತಿಯಿಂದ ಪ್ರಾಥಮಿಕ ಶಾಲೆಯ ಮಾಸ್ತರರು, ಮಳೆಗಾಲದಲ್ಲಿ ಮೇಳಗಳು ಗೆಜ್ಜೆ ಬಿಚ್ಚಿ ಮನೆಗೆ ಬಂದ ಮೇಲೆ ಸುತ್ತಲಿನ ಹತ್ತು ಊರಿನ ಕೂಟಗಳಿಗೆ ವಾಲಿ, ಕರ್ಣ, ಭೀಷ್ಮ. ವೇಷವಿಲ್ಲ, ಕುಣಿತವಿಲ್ಲ. ಕಂಬಳಿಯ ಮೇಲೆ ಪಂಚೆ ಉಟ್ಟು ಕೂತ ನಾಲ್ಕು ಜನ, ನಡುವೆ ಭಾಗವತರು, ಮದ್ದಳೆ. ಭಾಗವತರು ಪದ್ಯ ಹೇಳಿ ನಿಲ್ಲಿಸಿದ ಕೂಡಲೇ ಅಪ್ಪಯ್ಯ ಕಿಷ್ಕಿಂಧೆಯ ಅರಸ. ಎದುರಿಗೆ ಕೂತ ಬ್ಯಾಂಕಿನ ಮ್ಯಾನೇಜರು ಶ್ರೀರಾಮ. ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಇಬ್ಬರಿಗೂ ಗೊತ್ತಿಲ್ಲ. ಮಾತು ಹಳಿ ತಪ್ಪಿತು ಅನ್ನಿಸಿದರೆ ಭಾಗವತರು ಮುಂದಿನ ಪದ್ಯ ಎತ್ತಿ ದಾರಿಗೆ ತರುತ್ತಾರೆ. ಆ ಬೇಸ್‌ಮೆಂಟಿನಲ್ಲಿ ರಟ್ಟಿನ ಮರೆಯ ಹಿಂದೆ ಕೂತವನಿಗೆ ಅವರು ಡಂಜನ್ ಮಾಸ್ಟರ್ ಎನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ಭಾಗವತರು ಅಂದುಕೊಂಡೆ. ಇಂದಿಗೂ ಹಾಗೇ ಅಂದುಕೊಳ್ಳುತ್ತೇನೆ. ಒಂದು ವ್ಯತ್ಯಾಸ ಇದೆ ನಿಜ. ಅಪ್ಪಯ್ಯನ ವಾಲಿ ಎಷ್ಟೇ ವಾದ ಗೆದ್ದರೂ ಬೆಳಗಿನ ಜಾವಕ್ಕೆ ಸಾಯಲೇಬೇಕು. ಇಲ್ಲಿ ಸಾಯಬೇಕೋ ಬೇಡವೋ ಎಂದು ಹೇಳುವುದು ಇಪ್ಪತ್ತು ಮುಖದ ಒಂದು ದಾಳ.

ಆಟ ಆಡುವುದರಲ್ಲಿ ನಾನು ಹೇಳಿಕೊಳ್ಳುವಂಥವನಾಗಲಿಲ್ಲ. ಇಂಗ್ಲಿಷಿನಲ್ಲಿ ಆಶುವಾಗಿ ವೀರಾವೇಶ ಬರುವುದಿಲ್ಲ. ನನಗೆ ಹಿಡಿದದ್ದು ಆ ಪುಸ್ತಕಗಳ ಹುಚ್ಚು. ಗೆಳೆಯನ ಕಪಾಟಿನಲ್ಲಿ ಒಂದೇ ಪುಸ್ತಕದ ಎರಡು ಪ್ರತಿ ಇದ್ದವು. ಯಾಕೆ ಎರಡು ಎಂದರೆ ‘ಒಂದಲ್ಲ, ನೋಡು’ ಎಂದು ಬೆನ್ನಿನ ಗುರುತು, ಬೆಲೆ, ಒಳಗಿನ ಒಂದು ಪದ ತೋರಿಸಿದ. 1974ರಲ್ಲಿ ಬಂದ ಮೊದಲ ಪೆಟ್ಟಿಗೆಯ ಕತೆಯನ್ನೂ ಅವನೇ ಹೇಳಿದ್ದು. ಕತೆ ನಡೆದದ್ದು ನಾವು ಕೂತಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯ ಲೇಕ್ ಜಿನೀವಾದಲ್ಲಿ ಎಂದು ಕೇಳಿ ನಾನು ಮರುದಿನವೇ ಹೋಗಿ ನೋಡಿಬಂದೆ. ಸಣ್ಣ ಊರು. ಬೇಸಿಗೆಯಲ್ಲಿ ಶಿಕಾಗೋದ ಹಣವಂತರು ಬಂದು ದೋಣಿ ಬಿಡುವ ಕೆರೆ. ಜನವರಿಯಲ್ಲಿ ಕೆರೆಯೆಲ್ಲ ಹೆಪ್ಪುಗಟ್ಟಿ ಬಿಳಿ ಹಂಚಿನ ಹಾಗಿತ್ತು.

ಗ್ಯಾರಿ ಗೈಗ್ಯಾಕ್ಸ್ ಆ ಊರಿನವರು. ಮೊದಲು ಶಿಕಾಗೋದಲ್ಲಿ ವಿಮೆಯ ಕೆಲಸದಲ್ಲಿದ್ದರು. (ವಿಮೆಯವನಾದ ನನಗೆ ಇದು ಎಷ್ಟು ಸಮಾಧಾನ ಕೊಟ್ಟಿತೆಂದು ಕೇಳಬೇಡಿ.) ಆ ಕೆಲಸ ಹೋದ ಮೇಲೆ ಮನೆಯ ನೆಲಮಾಳಿಗೆಯಲ್ಲಿ ಚಪ್ಪಲಿ, ಬೂಟು ರಿಪೇರಿ ಮಾಡಿಕೊಂಡು ಸಂಸಾರ ತೂಗಿಸುತ್ತ ಯುದ್ಧದಾಟಗಳ ನಿಯಮ ಬರೆಯುತ್ತಿದ್ದರು. ಮಿನಿಸೋಟದ ಡೇವ್ ಆರ್ನೆಸನ್ ತಮ್ಮ ಗೆಳೆಯರೊಂದಿಗೆ ಆಡುತ್ತಿದ್ದ ‘ಬ್ಲ್ಯಾಕ್‌ಮೂರ್’ ಆಟವನ್ನು ತಂದು ತೋರಿಸಿದರು. ಇಬ್ಬರ ಕೈ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹುಟ್ಟಿತು. ಪ್ರಕಾಶಕರು ಸಿಗದೆ ಬಾಲ್ಯದ ಗೆಳೆಯ ಡಾನ್ ಕೇ ಜೊತೆ ಸೇರಿ ಗೈಗ್ಯಾಕ್ಸ್ ತಾವೇ ಟಿಎಸ್‌ಆರ್ ಕಂಪನಿ ಕಟ್ಟಿದರು, ಆಮೇಲೆ ಬ್ರಯಾನ್ ಬ್ಲೂಮ್ ಹಣ ತಂದು ಸೇರಿಕೊಂಡರು. ಸಾವಿರ ಪ್ರತಿ ಅಚ್ಚು. ಮರದ ಗೆರೆಯಂತೆ ಕಾಣುವ ಕಾಗದ ಅಂಟಿಸಿದ ರಟ್ಟಿನ ಪೆಟ್ಟಿಗೆ, ಒಳಗೆ ಮೂರು ಕಿರುಪುಸ್ತಕ, ಬೆಲೆ 10 ಡಾಲರ್. ಪೆಟ್ಟಿಗೆ ತುಂಬಿ ಜೋಡಿಸಿದ್ದು ಮನೆಯಲ್ಲೇ, ಮನೆಮಂದಿಯ ಕೈಯಲ್ಲೇ.

ಮೊದಲ ಮೂರು ಮುದ್ರಣಗಳಿಗೆ ಆ ಮರಗೆರೆಯ ಪೆಟ್ಟಿಗೆ. ನಾಲ್ಕನೆಯದರಿಂದ ಬಿಳಿ. ಹಳೆಯ ಪ್ರತಿಗಳಲ್ಲಿ ‘ಹಾಬಿಟ್’ ಎಂದಿದ್ದದ್ದು, ಟೋಲ್ಕಿನ್ ಹಕ್ಕುದಾರರ ಕಡೆಯಿಂದ ಆಕ್ಷೇಪ ಬಂದ ಮೇಲೆ, 1977ರ ಮುದ್ರಣದಲ್ಲಿ ‘ಹಾಫ್‌ಲಿಂಗ್’ ಆಯಿತು. ಪುಸ್ತಕದ ವಯಸ್ಸು ಹೇಳಲು ಇಂಥ ಒಂದು ಪದ ಸಾಕು. ದನದ ಹಲ್ಲು ನೋಡಿ ಪ್ರಾಯ ಹೇಳುವಂತೆ. ಮರಗೆರೆಯ ಪೆಟ್ಟಿಗೆ ನನ್ನ ಬಳಿ ಇಲ್ಲ, ಯಾವತ್ತೂ ಇರಲಿಲ್ಲ. ಜೆನ್ ಕಾನ್ ಹರಾಜಿನಲ್ಲಿ ಒಮ್ಮೆ ನಾಲ್ಕು ಅಡಿ ದೂರದಿಂದ ನೋಡಿದ್ದೇನೆ. ಮೂಲೆಗಳಿಗೆ ಹಳದಿಯಾದ ಟೇಪು ಹಚ್ಚಿತ್ತು.

ಜೆನ್ ಕಾನ್ ಎಂದರೆ ಈ ಆಟಗಳವರ ಜಾತ್ರೆ. 1968ರಲ್ಲಿ ಗೈಗ್ಯಾಕ್ಸ್ ಲೇಕ್ ಜಿನೀವಾದ ಹಾರ್ಟಿಕಲ್ಚರಲ್ ಹಾಲನ್ನು 50 ಡಾಲರಿಗೆ ಬಾಡಿಗೆ ಹಿಡಿದು ಶುರು ಮಾಡಿದ್ದು ಬೆಳೆದು, 1985ರಿಂದ 2002ರವರೆಗೆ ಮಿಲ್ವಾಕಿಯಲ್ಲೇ ನಡೆಯಿತು. ನನ್ನ ಪುಣ್ಯ, ನನ್ನ ಬ್ಯಾಂಕ್ ಖಾತೆಯ ಪಾಪ. ಹರಾಜಿನ ಕೋಣೆಯಲ್ಲಿ ದಿನವಿಡೀ ಕೂತು ಯಾರು ಯಾವುದಕ್ಕೆ ಕೈ ಎತ್ತುತ್ತಾರೆ ಎಂದು ನೋಡುವುದೇ ನನಗೆ ಪಾಠವಾಯಿತು. ಕೊಳ್ಳುತ್ತಿದ್ದದ್ದು ಮಾತ್ರ ಹೆಚ್ಚಾಗಿ ರಮ್ಮೇಜ್ ಸೇಲುಗಳಲ್ಲಿ. ಬೇರೆ ಕಡೆಯವರು ಗ್ಯಾರೇಜ್ ಸೇಲ್ ಅಂದರೆ ವಿಸ್ಕಾನ್ಸಿನ್ನಿನವರು ಅದಕ್ಕೆ ರಮ್ಮೇಜ್ ಎನ್ನುತ್ತಾರೆ. ಮೇ ತಿಂಗಳು ಬಂದು ಹಿಮ ಕರಗಿದ್ದೇ ತಡ, ಬೀದಿಬೀದಿಯಲ್ಲಿ ಮನೆಯ ಮುಂದೆ ಹಳೇ ಸಾಮಾನು ಹರಡಿ ಕೂರುತ್ತಾರೆ.

ಪಟ್ಟಿ ಮಾಡುವ ಚಟ ಕೊಳ್ಳುವ ಚಟಕ್ಕಿಂತ ದೊಡ್ಡದೆಂದು ನನಗೆ ಗೊತ್ತಾದದ್ದು ನಿಧಾನವಾಗಿ. ಮೊದಲು ಬೂಟಿನ ಪೆಟ್ಟಿಗೆಯಲ್ಲಿ ಕಾರ್ಡುಗಳು, ಆಮೇಲೆ ಡಿಬೇಸ್, ಅದಾದ ಮೇಲೆ ಎಕ್ಸೆಲ್. ಶೀರ್ಷಿಕೆ, ಕರ್ತೃ, ಮುದ್ರಣ, ಲಾಂಛನ (ಹಲ್ಲಿಮನುಷ್ಯನೋ, ಮಂತ್ರವಾದಿಯೋ), ಹಿಂಬದಿಯ ಜಾಹೀರಾತಿನಲ್ಲಿ ಯಾವ ಪುಸ್ತಕದವರೆಗೆ ಹೆಸರಿದೆ, ಹೀಗೆ. ಪುಸ್ತಕ ಮಾತ್ರವಲ್ಲ. 1983ರ ಹೊತ್ತಿಗೆ ಈ ಆಟದ ಹೆಸರು ಹಚ್ಚದ ವಸ್ತುವೇ ಇರಲಿಲ್ಲ. ಎಲ್‌ಜೆಎನ್ ಕಂಪನಿಯ ಕೈಕಾಲು ಆಡಿಸುವ ವೀರರ ಗೊಂಬೆಗಳು, ಮಕ್ಕಳು ಬಣ್ಣ ತುಂಬುವ ಪುಸ್ತಕ, ಟಿವಿಯ ಶನಿವಾರದ ಕಾರ್ಟೂನು. ನನ್ನಲ್ಲಿರುವ 1979ರ ಬಣ್ಣ ತುಂಬುವ ಪುಸ್ತಕಕ್ಕೆ ಯಾವ ಮಗುವೂ ಬಣ್ಣ ತುಂಬಿಲ್ಲ. ಅದಕ್ಕೇ ಅದಕ್ಕೆ ಬೆಲೆ.

ಎಲ್ಲ ಕಾಲಂಗಳಿಗಿಂತ ದೊಡ್ಡ ಕಾಲಂ ‘ಸ್ಥಿತಿ’. ಅಚ್ಚುಮನೆಯಿಂದ ಬಂದ ಹಾಗೇ ಇದ್ದರೆ ಅಗ್ರಸ್ಥಾನ. ಮೇಲಿನ ಪ್ಲಾಸ್ಟಿಕ್ ಬಿಗಿಹೊದಿಕೆ ಹರಿಯದಿದ್ದರಂತೂ ಕೇಳುವುದೇ ಬೇಡ. ಒಳಗೆ ಏನಿದೆಯೆಂದು ಯಾರೂ ನೋಡಲಾರದ ಪುಸ್ತಕಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ. (ಆ ಪ್ಲಾಸ್ಟಿಕ್ಕನ್ನು ಮತ್ತೆ ಹೊದಿಸುವ ಯಂತ್ರವನ್ನು ಯಾರು ಬೇಕಾದರೂ ಕೊಳ್ಳಬಹುದು. ಕೆಲವರು ಕೊಂಡಿದ್ದರು.) ತಪ್ಪುಗಳಿಗೂ ಬೆಲೆ ಉಂಟು, ಅದು ಅಚ್ಚುಮನೆಯ ತಪ್ಪಾಗಿರಬೇಕು ಅಷ್ಟೆ. 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನ ಕೆಲವು ಮೊದಲ ಪ್ರತಿಗಳಲ್ಲಿ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನ ಪುಟಗಳು ಸೇರಿ ಹೊಲಿದುಹೋಗಿವೆ. ಅದನ್ನು ಹುಡುಕಿಕೊಂಡು ಓಡಾಡುವವರಿದ್ದಾರೆ. 1981ರಲ್ಲಿ ಜೀನ್ ವೆಲ್ಸ್ ಬರೆದ ‘ಪ್ಯಾಲೇಸ್ ಆಫ್ ದಿ ಸಿಲ್ವರ್ ಪ್ರಿನ್ಸೆಸ್’ ಕಿತ್ತಳೆ ಹೊದಿಕೆಯಲ್ಲಿ ಅಚ್ಚಾಗಿ ಬಂದ ಕೂಡಲೇ ಕಂಪನಿ ಅದನ್ನು ಹಿಂದಕ್ಕೆ ತೆಗೆದು ನಾಶ ಮಾಡಿಸಿತು, ಟಾಮ್ ಮೋಲ್ಡ್‌ವೇ ತಿದ್ದಿದ ಹಸಿರು ಹೊದಿಕೆಯದು ಅಂಗಡಿಗೆ ಬಂತು. ತಪ್ಪಿಸಿಕೊಂಡು ಉಳಿದ ಕಿತ್ತಳೆ ಪ್ರತಿಗಳಿಗೆ ಈಗ ಬಂಗಾರದ ಮರ್ಯಾದೆ. ಆದರೆ ಆಡಿದ ಹುಡುಗನೊಬ್ಬ ಪೆನ್ಸಿಲಿನಲ್ಲಿ ತನ್ನ ಹೆಸರು ಬರೆದಿದ್ದರೆ ದರ್ಜೆ ಇಳಿಯಿತು.

ಇದರಲ್ಲಿ ಏನೋ ತಿರುವುಮುರುವು ಇದೆಯೆಂದು ಆಗ ನನಗೆ ಹೊಳೆಯಲಿಲ್ಲ. ನಿಯಮ ಅಂದರೆ ನಿಯಮ. ವಿಮೆ ಕಂಪನಿಯವನು ನಾನು.

1996ರ ಬೇಸಿಗೆಯಲ್ಲಿ ಅಪ್ಪಯ್ಯ, ಆಯಿ ನಮ್ಮಲ್ಲಿಗೆ ಬಂದು ಮೂರು ತಿಂಗಳಿದ್ದರು. ಅಪ್ಪಯ್ಯನಿಗೆ ಅಲ್ಲಿ ಮಾಡಲು ಕೆಲಸವಿಲ್ಲ, ಎದುರು ಅರ್ಥ ಹೇಳುವವರಿಲ್ಲ. ಒಂದು ಮಧ್ಯಾಹ್ನ ನನ್ನ ಕಪಾಟಿನ ಮುಂದೆ ನಿಂತು, ‘ಎಂತದೋ ತಮಾ ಇದು, ಪುಸ್ತಕಕ್ಕೆಲ್ಲ ಪ್ಲಾಸ್ಟಿಕ್ ಅಂಗಿ ತೊಡಿಸಿದ್ದೆ?’ ಎಂದರು. ತೋರಿಸಲೆಂದು ನಾನು ಆರಿಸಿದ್ದು ‘ಡೀಟೀಸ್ ಅಂಡ್ ಡೆಮಿಗಾಡ್ಸ್’, 1980ರದು. ಸಂಗ್ರಹಕಾರರಿಗೆ ಈ ಪುಸ್ತಕದಲ್ಲಿ ಬೇಕಾದದ್ದು ಪುಟಸಂಖ್ಯೆ. ಮೊದಲ ಮುದ್ರಣಗಳಲ್ಲಿ 144 ಪುಟ. ಕ್ಥುಲ್ಹು ಮತ್ತು ಮೆಲ್ನಿಬೋನೆಯ ದೇವತೆಗಳ ಎರಡು ಅಧ್ಯಾಯ ಕಿತ್ತ ಮೇಲೆ 128. ನನ್ನದು 128ರದು, ಅಗ್ಗದ್ದು. ಇಂದ್ರ ಎರಡರಲ್ಲೂ ಇದ್ದಾನೆ.

ಹೌದು, ಇಂದ್ರ. ಭಾರತದ ದೇವತೆಗಳಿಗೆಂದೇ ಒಂದು ಅಧ್ಯಾಯ. ಅಗ್ನಿ, ವರುಣ, ಯಮ, ಲಕ್ಷ್ಮಿ, ಕಾಳಿ, ಎಲ್ಲರಿಗೂ ಅಂಕಗಳ ಪಟ್ಟಿ. ಕವಚದ ಬಲ ಇಷ್ಟು, ವೇಗ ಇಷ್ಟು, ಎಷ್ಟು ಪೆಟ್ಟು ತಡೆದುಕೊಳ್ಳಬಲ್ಲ ಎಂಬುದಕ್ಕೆ ಒಂದು ಸಂಖ್ಯೆ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಅರ್ಥ ಕೇಳಿದರು. ನಾನು ಹೇಳಿದೆ.

‘ಹಂಗಾದ್ರೆ ಲೆಕ್ಕ ಮುಗಿದ್ರೆ ಇಂದ್ರನ್ನ ಕೊಲ್ಲಲೂ ಬಹುದೇನೋ?’

‘ನಿಯಮದ ಪ್ರಕಾರ ಬಹುದು ಅಪ್ಪಯ್ಯ.’

ಬೈಯುತ್ತಾರೆ ಅಂದುಕೊಂಡೆ. ಅವರು ತುಸು ಹೊತ್ತು ಯೋಚಿಸಿ, ‘ಇಂದ್ರಪದವಿ ಹೋಗೂದು ಹೊಸತಲ್ಲ ಬಿಡು. ಆದ್ರೆ ಇವಂಗೆ ಮಾತಾಡೂಲೆ ಎಷ್ಟು ಅಂಕ ಕೊಟ್ಟಿದ್ರು?’ ಎಂದರು. ಆ ಕಾಲಂ ಇರಲಿಲ್ಲ. ಬುದ್ಧಿಗೆ ಅಂಕ ಇತ್ತು, ವರ್ಚಸ್ಸಿಗೆ ಇತ್ತು, ಮಾತಿಗೆ ಇರಲಿಲ್ಲ. ‘ಮತ್ತೆ ಮಾತಿನ ಆಟ ಹೇಳಿದೆಯಲ್ಲೋ’ ಎಂದು ನಕ್ಕರು. ಮಾತು ಆಡುವವರ ಬಾಯಲ್ಲಿ ಬರಬೇಕು, ಪುಸ್ತಕದಲ್ಲಿ ಇರುವುದಿಲ್ಲ ಎಂದು ನಾನು ವಿವರಿಸಲು ಹೊರಟೆ. ಪ್ರಸಂಗ ಪುಸ್ತಕದಲ್ಲಿ ಪದ್ಯವಷ್ಟೇ ಇರುತ್ತದೆ, ಅರ್ಥ ಇರುವುದಿಲ್ಲ ಎಂದು ಜೀವಮಾನವಿಡೀ ಗೊತ್ತಿದ್ದ ಮನುಷ್ಯನಿಗೆ!

ಅದೇ ದಿನ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ರಾಕ್ಷಸನ ಚಿತ್ರವನ್ನೂ ತೋರಿಸಿದೆ. 1977ರ ಪುಸ್ತಕ, ಡೇವಿಡ್ ಟ್ರಾಂಪಿಯರ್ ಬರೆದ ಚಿತ್ರ. ಹುಲಿಯ ತಲೆ, ಒಳ್ಳೆಯ ಅಂಗಿ, ಆರಾಮಾಗಿ ಕೂತು ಪೈಪು ಸೇದುತ್ತಿರುವ ರಾಕ್ಷಸ. ಪುರೋಹಿತ ಮಂತ್ರಿಸಿಕೊಟ್ಟ ಅಡ್ಡಬಿಲ್ಲಿನ ಬಾಣ ತಾಗಿದರೆ ಮಾತ್ರ ಅವನಿಗೆ ಒಂದೇ ಏಟಿಗೆ ಸಾವು. ಈ ರಾಕ್ಷಸನನ್ನು ಗೈಗ್ಯಾಕ್ಸ್ ತಂದದ್ದು ರಾಮಾಯಣದಿಂದಲ್ಲ, ‘ಕೋಲ್‌ಚಾಕ್’ ಎಂಬ ಅಮೆರಿಕದ ಟಿವಿ ಧಾರಾವಾಹಿಯ ಒಂದು ಕಂತಿನಿಂದ. ಅಪ್ಪಯ್ಯ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ‘ಬಣ್ಣದ ವೇಷ ಅಡ್ಡಿಲ್ಲ’ ಎಂದರು. ‘ಆದ್ರೆ ನಮ್ಮವನಾಗಿದ್ರೆ ಕವಳ ಹಾಕ್ತಿದ್ದ.’

ಎರಡು ವರ್ಷ ಕಳೆದು, 1998ರ ಮೇ. ಪಕ್ಕದ ಊರಿನ ರಮ್ಮೇಜ್ ಸೇಲಿನಲ್ಲಿ ಒಬ್ಬ ಹೆಂಗಸು ಮೇಜಿನ ಮೇಲಲ್ಲ, ಮೇಜಿನ ಕೆಳಗೆ ಒಂದು ಪೆಟ್ಟಿಗೆ ಇಟ್ಟಿದ್ದರು. 1979ರ ಬೇಸಿಕ್ ಸೆಟ್. ಐದು ಡಾಲರ್ ಎಂದರು. ಮಗನದಂತೆ. 1985ರಲ್ಲಿ ‘60 ಮಿನಿಟ್ಸ್’ ಕಾರ್ಯಕ್ರಮದಲ್ಲಿ ಈ ಆಟದ ಬಗ್ಗೆ, ಆಡಿದ ಹುಡುಗರ ಆತ್ಮಹತ್ಯೆಗಳ ಬಗ್ಗೆ ತೋರಿಸಿದಾಗ ಹೆದರಿ ಅಟ್ಟಕ್ಕೆ ಹಾಕಿದ್ದಂತೆ. ‘ಆಗ ಚರ್ಚಿನಲ್ಲೂ ಹಾಗೇ ಹೇಳುತ್ತಿದ್ದರು’ ಎಂದು ತಾವೇ ತಪ್ಪು ಮಾಡಿದವರಂತೆ ಹೇಳಿಕೊಂಡರು. ಮಗ ಈಗ ಸಿಯಾಟಲ್‌ನಲ್ಲಿ, ಫೋನಿನಲ್ಲಿ ಕೇಳಿದ್ದಕ್ಕೆ ಮಾರಿಬಿಡು ಎಂದನಂತೆ.

ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದೆ. ಆ ವರ್ಷ ದಾಳಗಳ ಕೊರತೆಯಾಗಿ ಕಂಪನಿ ಪೆಟ್ಟಿಗೆಯೊಳಗೆ ದಾಳದ ಬದಲು ಅಂಕೆ ಅಚ್ಚಾದ ರಟ್ಟಿನ ಚೂರುಗಳನ್ನೂ, ಆಮೇಲೆ ದಾಳ ತರಿಸಿಕೊಳ್ಳಲು ಒಂದು ಕೂಪನ್ನನ್ನೂ ಹಾಕಿತ್ತು. ಚೂರುಗಳನ್ನು ಕತ್ತರಿಸದ ಇಡೀ ಹಾಳೆ ಸಿಕ್ಕರೆ ಸಂಗ್ರಹಕಾರನಿಗೆ ಹಬ್ಬ. ಈ ಹುಡುಗ ಕತ್ತರಿಸಿದ್ದ. ಕತ್ತರಿ ಅಂಕುಡೊಂಕಾಗಿ ಹೋಗಿತ್ತು. ಚೂರುಗಳೆಲ್ಲ ಕೊಡಕ್ ಫಿಲ್ಮಿನ ಡಬ್ಬಿಯಲ್ಲಿದ್ದವು, ಒಂದೂ ಕಳೆದಿರಲಿಲ್ಲ. ಕೂಪನ್ ಇರಲಿಲ್ಲ, ದಾಳಗಳು ಇದ್ದವು. ಅಂದರೆ ಕಳಿಸಿ, ಕಾದು, ತರಿಸಿಕೊಂಡಿದ್ದ. ಆ ಕಾಲದ ದಾಳ ಮೆತ್ತನೆ ಪ್ಲಾಸ್ಟಿಕ್ಕಿನದು, ಆಡುತ್ತ ಆಡುತ್ತ ಅಂಚು ಸವೆದು ಗೋಲಿಯ ಹಾಗಾಗುತ್ತದೆ. ಅಂಕೆಗಳಿಗೆ ಬಣ್ಣ ತುಂಬಿರುವುದಿಲ್ಲ, ಕ್ರೇಯಾನ್ ತಿಕ್ಕಿ ನಾವೇ ತುಂಬಬೇಕು. ಇಪ್ಪತ್ತು ಮುಖದ ದಾಳದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಎರಡು ಸಲ ಇರುವುದರಿಂದ ಒಂದು ಸರಣಿಗೆ ಒಂದು ಬಣ್ಣ, ಇನ್ನೊಂದಕ್ಕೆ ಬೇರೆ. ಇವನು ಕೆಂಪು, ನೀಲಿ ತುಂಬಿದ್ದ. ಕೆಂಪು ಏಳರಲ್ಲಿ ಮೇಣ ಇನ್ನೂ ಹೊಳೆಯುತ್ತಿತ್ತು.

ಪೆಟ್ಟಿಗೆಯ ತಳದಲ್ಲಿ ಬಿ1. ಮತ್ತು ಹತ್ತಿಪ್ಪತ್ತು ಗ್ರಾಫ್ ಹಾಳೆ.

ಬಿ1 ಹೊಸಬರಿಗಾಗಿ ಬರೆದ ಪುಸ್ತಕ. ರೋಗಾನ್ ಎಂಬ ವೀರ, ಜೆಲಿಗಾರ್ ಎಂಬ ಮಂತ್ರವಾದಿ ಬಂಡೆಯೊಳಗೆ ಕೊರೆದುಕೊಂಡ ಕ್ವಾಸ್ಕ್ವೆಟನ್ ಎಂಬ ನೆಲೆ. ಇಬ್ಬರೂ ಹೋಗಿ ಬಹಳ ಕಾಲವಾಗಿದೆ. ಅಡುಗೆಮನೆ, ಉಗ್ರಾಣ, ಹದಿನಾಲ್ಕು ಕೊಳಗಳ ಕೋಣೆ, ಒಂದೊಂದರ ವರ್ಣನೆಯೂ ಇದೆ. ಆದರೆ ವರ್ಣನೆಯ ಕೊನೆಗೆ ‘ಮಾನ್‌ಸ್ಟರ್’ ಎಂದು ಬರೆದು ಒಂದು ಖಾಲಿ ಗೆರೆ, ‘ಟ್ರೆಷರ್’ ಎಂದು ಇನ್ನೊಂದು ಖಾಲಿ ಗೆರೆ. ಯಾವ ಕೋಣೆಯಲ್ಲಿ ಏನಿದೆಯೆಂದು ಆಡಿಸುವವನು ಹಿಂದಿನ ಪಟ್ಟಿಗಳಿಂದ ಆರಿಸಿ ತಾನೇ ಬರೆದುಕೊಳ್ಳಬೇಕು. ಆಟ ಕಲಿಸುವ ಉಪಾಯ ಅದು. ಬರೆಯದೆ ಇದ್ದರೆ ಪುಸ್ತಕ ಮುಗಿದೇ ಇಲ್ಲ.

ಹುಡುಗ ಬರೆದಿದ್ದ. ಎಲ್ಲ ಕೋಣೆಗೂ. ಮೊದಮೊದಲು ಪಟ್ಟಿಯಲ್ಲಿದ್ದದ್ದೇ: ಇಲಿಗಳು, ಗಾಬ್ಲಿನ್‌ಗಳು. ಮುಂದೆ ಹೋದ ಹಾಗೆ ಧೈರ್ಯ ಬಂದಿತ್ತು. ಅಂಚಿನಲ್ಲಿ ಬಾಣದ ಗುರುತು, ಹೊಡೆದುಹಾಕಿ ಮತ್ತೆ ಬರೆದದ್ದು, ಎಲ್ಲೋ ಒಂದು ಕಡೆ ಯಾವುದೋ ಲೆಕ್ಕದ ಕೂಡು-ಕಳೆ.

ಅಳಿಸುವುದರಲ್ಲಿ ನಾನು ನಿಪುಣನಾಗಿದ್ದೆ, ಹೇಳಿಕೊಳ್ಳಲು ಈಗ ನಾಚಿಕೆ. ರಟ್ಟಿನ ಹೊದಿಕೆ ಬೇರೆ ತೆಗೆದಿಟ್ಟು, ಪುಟದ ಕೆಳಗೆ ಗಾಜಿನ ಹಲಗೆ ಇಟ್ಟು, ಚಿತ್ರಕಾರರು ಬಳಸುವ ಮೆತ್ತಗಿನ ರಬ್ಬರಿನಿಂದ ಒಂದೇ ದಿಕ್ಕಿಗೆ ಉಜ್ಜಬೇಕು. ಅಚ್ಚಿನ ಮಸಿ ಮಾಸಬಾರದು. ಪುಡಿಯನ್ನು ಕ್ಷೌರದ ಬ್ರಶ್ಶಿನಿಂದ ಹೊರಳಿಸಿ ತೆಗೆಯಬೇಕು. ಎರಡು ಭಾನುವಾರ ಹಿಡಿಯಿತು. ಓದುತ್ತ ಅಳಿಸಿದ್ದರೆ ನಿಲ್ಲಿಸುತ್ತಿದ್ದೆನೇನೋ. ಓದಲಿಲ್ಲ. ರೇಡಿಯೋದಲ್ಲಿ ಬ್ರೂವರ್ಸ್ ತಂಡದ ಬೇಸ್‌ಬಾಲ್ ಪಂದ್ಯ ಹಾಕಿಕೊಂಡು ಕೈ ಆಡಿಸುತ್ತಿದ್ದೆ. ಮುಗಿದ ಮೇಲೆ ಗ್ರಾಫ್ ಹಾಳೆಗಳನ್ನು ಹಳೇ ಪೇಪರಿನ ಜೊತೆ ಸೇರಿಸಿದೆ. ಅವು ಯಾವ ಪಟ್ಟಿಯಲ್ಲೂ ಬರುವ ವಸ್ತುವಲ್ಲ. ಆಮೇಲೆ ಕಾರ್ಡು ಬರೆದೆ. ಸ್ಥಿತಿ: ಉತ್ತಮ.

ಮುಂದಿನ ಹತ್ತು ವರ್ಷದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ, ಒಂದು ಅನಾಹುತ ಬಿಟ್ಟರೆ. ಗ್ರೆನೇಡಿಯರ್ ಕಂಪನಿಯ ಸೀಸದ ಕಿರುಗೊಂಬೆಗಳಿಗೆಂದು ಓಕ್ ಮರದ ಗಾಜುಬಾಗಿಲಿನ ಕಪಾಟು ಮಾಡಿಸಿದ್ದೆ. ಚೆಂದದ ಕಪಾಟು, ಬಾಗಿಲು ಗಾಳಿಯಾಡದಷ್ಟು ಬಿಗಿ. 2001ರಲ್ಲಿ ಒಂದು ದಿನ ನೋಡಿದರೆ ಮುಂದಿನ ಸಾಲಿನ ಮಂತ್ರವಾದಿಯ ಮುಖದ ಮೇಲೆ ಅಕ್ಕಿಹಿಟ್ಟು ಉದುರಿದ ಹಾಗೆ ಬಿಳಿ. ಮುಟ್ಟಿದರೆ ಮೂಗು ಕಳಚಿ ಬಿತ್ತು. ಮರದಿಂದ, ಅದರಲ್ಲೂ ಓಕಿನಿಂದ, ಹೊರಬರುವ ಆಮ್ಲದ ಆವಿ ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ ಎಂದು ಆಮೇಲೆ ತಿಳಿಯಿತು. ಗೆಳೆಯನ ಬೇಸ್‌ಮೆಂಟಿನಲ್ಲಿ ವಾರವಾರ ಆಡಿ, ಬಿದ್ದು, ಬಣ್ಣ ಹೋದ ಅದೇ ಗೊಂಬೆಗಳು ತಗಡಿನ ಬಿಸ್ಕತ್ತಿನ ಡಬ್ಬಿಯಲ್ಲಿ ಗಟ್ಟಿಮುಟ್ಟಾಗಿದ್ದವು. ಕೈಗವಸು ಹಾಕಿಕೊಂಡು ಹದಿನೇಳು ಗೊಂಬೆ ಎಸೆದೆ, ಕಪಾಟು ಮಾರಿದೆ.

2008ರ ಮಾರ್ಚ್‌ನಲ್ಲಿ ಗೈಗ್ಯಾಕ್ಸ್ ಹೋದರು, ಮರುವರ್ಷ ಏಪ್ರಿಲ್‌ನಲ್ಲಿ ಆರ್ನೆಸನ್. ಆ ವರ್ಷದ ಮಳೆಗಾಲಕ್ಕೆ ಅಪ್ಪಯ್ಯ.

ಕಾರ್ಯ ಮುಗಿದ ಮೇಲೆ ಅಣ್ಣ ಮೆತ್ತಿನ ಮೇಲಿನ ಪೆಟ್ಟಿಗೆ ಇಳಿಸಿದ. ಅಪ್ಪಯ್ಯನ ಪ್ರಸಂಗ ಪುಸ್ತಕಗಳು. ಕೆಳಗಿನ ಅರ್ಧ ಒರಲೆ ಹಿಡಿದು ಮಣ್ಣಾಗಿತ್ತು. ಉಳಿದ ಅರ್ಧ ಉಡುಪಿಯಲ್ಲಿ ಅಚ್ಚಾದ, ಒರಟು ಕಾಗದದ, ಬೆನ್ನು ಬಿಟ್ಟ ಪುಸ್ತಕಗಳು. ನನ್ನ ಕಣ್ಣು ಅಭ್ಯಾಸಬಲದಿಂದ ಮುದ್ರಣದ ವರ್ಷ ಹುಡುಕಿತು, ದರ್ಜೆ ಕೊಟ್ಟಿತು: ಕನಿಷ್ಠ. ‘ವಾಲಿವಧೆ’ ತೆರೆದೆ. ಪದ್ಯಗಳ ಪಕ್ಕದಲ್ಲಿ ಕೆಂಪು-ನೀಲಿ ಮಾಸ್ತರಿಕೆಯ ಪೆನ್ಸಿಲಿನಲ್ಲಿ ಅಪ್ಪಯ್ಯನ ಅಕ್ಷರ. ಅರ್ಥವಲ್ಲ, ಅರ್ಥದ ಗುಟುಕು. ‘ಇಲ್ಲಿ ತಾರೆಯ ಮಾತು ನೆನಪಿಸು.’ ‘ನಿಧಾನ.’ ಒಂದು ಪದ್ಯದ ಎದುರಿಗೆ ‘ಗೇರುಸೊಪ್ಪೆ, ಮಳೆ, ರಾಮ ಸೋತ’ ಎಂದಿತ್ತು. ಯಾವ ವರ್ಷವೋ, ಎದುರು ಕೂತ ರಾಮ ಯಾರೋ, ಅವನನ್ನು ಸೋಲಿಸಿದ ಮಾತು ಯಾವುದೋ ಬರೆದಿಲ್ಲ. ಅಪ್ಪಯ್ಯನ ಒಂದು ಕೂಟವನ್ನೂ ಯಾರೂ ಧ್ವನಿಮುದ್ರಿಸಿಟ್ಟಿರಲಿಲ್ಲ. ನಾನಂತೂ ಅಲ್ಲ.

ಅತ್ತಿಗೆ ಬಂದು, ‘ಇವನ್ನೆಲ್ಲ ಎಂತ ಮಾಡೂದು ಭಾವ, ಗೀಚಿ ಹಾಳು ಮಾಡಿಟ್ಟಿದ್ರು’ ಎಂದರು. ನಾನು ಅಮೆರಿಕಕ್ಕೆ ಒಯ್ಯುತ್ತೇನೆ ಎಂದೆ. ಸೂಟ್‌ಕೇಸಿನಲ್ಲಿ ಹನ್ನೊಂದು ಪುಸ್ತಕ ಹಿಡಿದವು.

ಮಿಲ್ವಾಕಿಗೆ ಮರಳಿ ಒಂದು ವಾರಕ್ಕೆ 212ನ್ನು ಹೊರತೆಗೆದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಪುಟಕ್ಕೆ ಒರಗಿಸಿ ಅಡ್ಡವಾಗಿ ಬೆಳಕು ಹಾಯಿಸಿದೆ. ರಬ್ಬರು ಸೀಸದಕಡ್ಡಿಯ ಕಪ್ಪನ್ನು ಒಯ್ಯುತ್ತದೆ, ಕಾಗದ ತಗ್ಗಿದ್ದನ್ನು ಒಯ್ಯುವುದಿಲ್ಲ. ಹುಡುಗ ಒತ್ತಿ ಬರೆಯುವವನು. ಎಲ್ಲ ಸಾಲು ಬರಲಿಲ್ಲ, ಬಂದಷ್ಟು ಬಂತು. ಎರಡನೆಯ ಕೋಣೆ, ಅಡುಗೆಮನೆ: ದೊಡ್ಡ ಇಲಿ ಮೂರು, ನಿಧಿ ‘ಅಜ್ಜಿಯ ಉಂಗುರ’. ಅಜ್ಜಿಯ ಉಂಗುರ ಪುಸ್ತಕದ ಯಾವ ಪಟ್ಟಿಯಲ್ಲೂ ಇಲ್ಲ. ಕೊಳಗಳ ಕೋಣೆಯಲ್ಲಿ ಮೊದಲು ಬರೆದು ಹೊಡೆದುಹಾಕಿದ ಒಂದು ಪದ, ಅದರ ಮೇಲೆ ‘ಏನೂ ಇಲ್ಲ. ಹೆದರಿಸು.’ ಕೆಳಗಿನ ಮಹಡಿಯ ಒಂದು ಕೋಣೆಯ ಅಂಚಿನಲ್ಲಿ ಒಂದು ದಿನಾಂಕ, ಫೆಬ್ರವರಿ ಎಂಬುದಷ್ಟೇ ಸ್ಪಷ್ಟ, ಮತ್ತು ‘ಆರ್. ಇಲ್ಲಿ ಸತ್ತ. ಅತ್ತ.’

ಆರ್. ಪಾತ್ರದ ಹೆಸರೋ ಹುಡುಗನದೋ ಗೊತ್ತಾಗಲಿಲ್ಲ. ಅತ್ತದ್ದು ಯಾರೆಂದೂ.

ಎಕ್ಸೆಲ್ ಹಾಳೆಯಲ್ಲಿ ‘ಸ್ಥಿತಿ’ಯ ಪಕ್ಕಕ್ಕೆ ಹೊಸದೊಂದು ಕಾಲಂ ಸೇರಿಸಿದೆ, ‘ಕೈಬರಹ’ ಎಂದು. 212ರ ಎದುರಿಗೆ ಓದಿದಷ್ಟನ್ನೂ ಬರೆದೆ. ಓದಲಾಗದ ಕಡೆ ಚುಕ್ಕಿ ಇಟ್ಟೆ. ಆಮೇಲೆ 213, 214. ನಾಲ್ಕುನೂರು ಚಿಲ್ಲರೆ ವಸ್ತುಗಳ ಪಟ್ಟಿಯಲ್ಲಿ ಆ ಕಾಲಂ ತುಂಬಿಸಲು ಸಿಕ್ಕಿದ್ದು ಮೂವತ್ತೊಂದು ಮಾತ್ರ, ಅಷ್ಟು ಚೊಕ್ಕಟವಾಗಿ ಆರಿಸಿ ಕೊಂಡಿದ್ದೆ ನಾನು. ಕೊನೆಗೆ ಹನ್ನೊಂದು ಹೊಸ ಕ್ರಮಸಂಖ್ಯೆ ಹಾಕಿದೆ. ಪ್ರಕಾಶನ ಸ್ಥಳ ಉಡುಪಿ. ‘ವಾಲಿವಧೆ’ಯ ಎದುರಿಗೆ ಗೇರುಸೊಪ್ಪೆ ಎಂದು ಬರೆದು, ವರ್ಷದ ಜಾಗ ಖಾಲಿ ಬಿಟ್ಟು, ಅಣ್ಣನಿಗೆ ಫೋನು ಹಚ್ಚಿದೆ. ಅಲ್ಲಿ ಆಗ ಬೆಳಗಿನ ಐದೂವರೆ.

‘ಎಂತ ಆಯ್ತೋ?’ ಎಂದು ಅಣ್ಣ ಗಾಬರಿಯಾದ.

‘ಎಂತ ಇಲ್ಲೆ. ಗೇರುಸೊಪ್ಪೆ ಕೂಟಕ್ಕೆ ಅಪ್ಪಯ್ಯನ ಎದುರು ರಾಮ ಯಾರು ಮಾಡಿದ್ದು, ನೆನಪಿದ್ಯ?’